ಅಜ್ಜನ ಫಿಯಟ್ಟಿಗೊಂದು ಬ್ಯಾಟರಿ

"ಬ್ಯಾಟರಿ ಎಲ್ಲೈತಿ?" ಎಂದು ಅಜ್ಜ ಕೇಳಿದ.

ಹಳೆಯ ಫಿಯಟ್ ಕಾರಿನ ಬಾನೆಟ್ ಎತ್ತಿ, ಕೋಲಿನ ಆಸರೆ ಕೊಟ್ಟು, ಕಾವ್ಯ ಮತ್ತು ರಾಜಕುಮಾರ ಕಾಕಾ ಒಳಗೆ ಬಗ್ಗಿ ನೋಡುತ್ತಿದ್ದರು. ಎಂಜಿನ್ ಇತ್ತು. ವೈರುಗಳಿದ್ದವು. ಮೂಲೆಯಲ್ಲಿ ಒಂದು ಜೇಡ ಬಲೆ ಕಟ್ಟಿಕೊಂಡು ಆರಾಮಾಗಿತ್ತು. ಬ್ಯಾಟರಿ ಕೂರಬೇಕಾದ ಕಬ್ಬಿಣದ ತಟ್ಟೆ ಮಾತ್ರ ಖಾಲಿ.

"ಇಲ್ಲ ಅಜ್ಜಾ," ಎಂದಳು ಕಾವ್ಯ.

"ಇಲ್ಲ ಅಂದ್ರ? ಅದಕ್ಕೇನು ಕಾಲ ಬಂದು ನಡಕೋಂತ ಹೋತೇನು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಯಿ, ಎಂದರೆ ಅಜ್ಜಿ ಮುತ್ತವ್ವ, ಸೆರಗು ಸರಿಮಾಡಿಕೊಂಡಳು. ಸರಿಯಾಗಿಯೇ ಇದ್ದ ಸೆರಗನ್ನು ಆಯಿ ಮತ್ತೆ ಸರಿಮಾಡಿಕೊಂಡಳೆಂದರೆ ಏನೋ ಇದೆ ಎಂದೇ ಅರ್ಥ.

"ಅದು ಸತ್ತ ಹೋಗಿತ್ತಲ್ರಿ," ಎಂದಳು ಆಯಿ. "ಹೊಟ್ಟಿ ಉಬ್ಬಿ ಡೊಳ್ಳಾಗಿತ್ತು. ಭಾಂಡೆ ಮಾರಾಂವ ಓಣ್ಯಾಗ ಬಂದಿದ್ದ. ಕೊಟ್ಟಬಿಟ್ಟೆ."

"ಕೊಟ್ಟು?"

"ಬಕೀಟ ತಗೊಂಡೆ."

ಎಲ್ಲರೂ ನಳದ ಕೆಳಗಿದ್ದ ನೀಲಿ ಬಕೆಟ್ಟಿನ ಕಡೆ ನೋಡಿದರು. ಒಳ್ಳೇ ಬಕೆಟ್ಟು, ಗಟ್ಟಿಮುಟ್ಟಾಗಿತ್ತು. ಆದರೆ ಬಕೆಟ್ಟಿನಿಂದ ಕಾರು ಚಾಲೂ ಆಗುವುದಿಲ್ಲ. ಕಾಕಾ ನಗು ತಡೆಯಲಾರದೆ ಬಾನೆಟ್ಟಿನ ಕೆಳಗೆ ತಲೆ ಅಡಗಿಸಿದ.

ಬೇರೆ ದಿನವಾಗಿದ್ದರೆ ಅಜ್ಜನೂ ನಗುತ್ತಿದ್ದನೇನೋ. ಆದರೆ ನಾಳೆ ಬೆಳಿಗ್ಗೆ ಜಮಖಂಡಿಯ ಆಸ್ಪತ್ರೆಯಿಂದ ವಂದನಾ ಅತ್ತೆಯ ಡಿಸ್ಚಾರ್ಜು. ಅತ್ತೆ ಎಂದರೆ ಅಜ್ಜನ ಒಬ್ಬಳೇ ಮಗಳು. ಹೆರಿಗೆಗೆಂದು ಬನಹಟ್ಟಿಗೆ, ತವರಿಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿತ್ತು. ಈ ಮನೆಯಲ್ಲಿ ಒಂದು ಪದ್ಧತಿಯಿದೆ. ಹುಟ್ಟಿದ ಕೂಸು ಆಸ್ಪತ್ರೆಯಿಂದ ಮನೆಗೆ ಬರುವುದು ಫಿಯಟ್ಟಿನಲ್ಲೇ. ಅತ್ತೆ ತಾನೇ ಕೂಸಾಗಿದ್ದಾಗ ಹಾಗೇ ಬಂದಿದ್ದಳು. ಕಾವ್ಯಳೂ ಹಾಗೇ ಬಂದವಳು.

ನಿನ್ನೆ ಅತ್ತೆ ಫೋನಿನಲ್ಲಿ ಹೇಳಿದ್ದಳು. "ಕಾವ್ಯಾ, ನಾ ಬ್ಯಾರೆ ಗಾಡಿ ಹತ್ತಂಗಿಲ್ಲ ನೋಡು. ಫಿಯಟ್ ತರೂ ಜವಾಬ್ದಾರಿ ನಿಂದು."

"ತರ್ತೀನಿ ಅತ್ತಿ. ಪ್ರಾಮಿಸ್," ಎಂದಿದ್ದಳು ಕಾವ್ಯ. ಐದನೇ ಕ್ಲಾಸಿನವಳು ಪ್ರಾಮಿಸ್ ಮಾಡಿದ ಮೇಲೆ ಮುಗಿಯಿತು, ಅದನ್ನು ಉಳಿಸಿಕೊಳ್ಳಲೇಬೇಕು.

"ಹೊಸಾ ಬ್ಯಾಟರಿ ತರೂಣು," ಎಂದ ಕಾಕಾ. "ಆದ್ರ ಅಂಗಡ್ಯಾಗ ಏನಂತ ಕೇಳೂದು? ಹಳೇದು ಕೈಯಾಗಿದ್ರ ಹಿಂತಾದ್ದ ಕೊಡ್ರಿ ಅನ್ನಬಹುದಿತ್ತು."

"ತಟ್ಟಿ ಐತೆಲ್ಲ. ಅದರ ಅಳತಿ ತಗೊಂಡ ಹೋಗೂದು," ಎಂದ ಅಜ್ಜ. "ಯವ್ವಾ ಕಾವ್ಯಾ, ನಿನ್ನ ಕೈ ಸಣ್ಣವು. ಸಂದ್ಯಾಗ ಹೋಗ್ತಾವು. ನೀ ತಗೋ ಅಳತಿ."

ಮನೆಯ ಪಕ್ಕದ ಶೆಡ್ಡಿನಲ್ಲಿ ಪವರ್‌ಲೂಮ್‌ಗಳು ಖಟಕ್ ಖಟಕ್ ಎನ್ನುತ್ತಿದ್ದವು. ನೇಕಾರರ ಮನೆಯಲ್ಲಿ ಅಳತೆಗೆ ಟೇಪು ಹುಡುಕುವ ಮೊದಲೇ ನೂಲು ಕೈಗೆ ಸಿಗುತ್ತದೆ. ಕಾವ್ಯ ಓಡಿಹೋಗಿ ಎರಡು ಬಣ್ಣದ ನೂಲು ತಂದಳು. ನೀಲಿ ನೂಲನ್ನು ತಟ್ಟೆಯ ಉದ್ದಕ್ಕೆ ಹಿಡಿದು ಗಂಟು ಹಾಕಿದಳು. ಹಳದಿ ನೂಲನ್ನು ಪನ್ನಾಕ್ಕೆ ಹಿಡಿದು ಗಂಟು ಹಾಕಿದಳು. ಪನ್ನಾ ಎಂದರೆ ಅಗಲ. ಬನಹಟ್ಟಿಯ ಮಕ್ಕಳಿಗೆ ಅಗಲ ಎಂಬ ಮಾತಿಗಿಂತ ಮೊದಲು ಪನ್ನಾ ಎಂಬ ಮಾತೇ ಬಾಯಿಗೆ ಬರುತ್ತದೆ.

ಅಜ್ಜ ಕನ್ನಡಕ ಹಾಕಿಕೊಂಡು ಎರಡೂ ನೂಲನ್ನು ತಾನೇ ಮತ್ತೊಮ್ಮೆ ಹಿಡಿದು ನೋಡಿದ. ಅಳತೆಯ ವಿಷಯದಲ್ಲಿ ಅಜ್ಜ ಬಹಳ ಕಟ್ಟುನಿಟ್ಟು. "ಪನ್ನಾ ಒಂದ ಬಟ್ಟ ಕಮ್ಮಿ ಆದ್ರ ವ್ಯಾಪಾರಿ ಇಡೀ ಅರಿವಿ ತಾನ ವಾಪಸ್ ಒಗೀತಾನ," ಎನ್ನುವುದು ಅವನ ಮಾತು.

"ಉದ್ದ ಆತು. ಪನ್ನಾ ಆತು. ಬರೋಬ್ಬರಿ ಐತಿ," ಎಂದ ಅಜ್ಜ. "ಅಳತಿ ಅಂದ್ರ ಹಿಂಗಿರಬೇಕು."

ಕಾವ್ಯಳಿಗೆ ಎರಡು ಗೇಣು ಎತ್ತರ ಬೆಳೆದಷ್ಟು ಖುಷಿಯಾಯಿತು.

ರಬಕವಿ ರಸ್ತೆಯ ಬ್ಯಾಟರಿ ಅಂಗಡಿ ರಾಜಶ್ರೀ ಅಕ್ಕನದು. ಅಲ್ಲಿ ಎಲ್ಲ ನಮೂನೆಯ ಬ್ಯಾಟರಿಗಳಿದ್ದವು. ಆಟೋದವು, ಬೈಕಿನವು, ಕಬ್ಬಿನ ಟ್ರ್ಯಾಕ್ಟರಿನ ದಪ್ಪದಪ್ಪನೆಯವು.

"ಯಾವ ಗಾಡಿಗ್ರಿ?" ಎಂದು ರಾಜಶ್ರೀ ಅಕ್ಕ ಕೇಳಿದಳು.

"ಫಿಯಟ್," ಎಂದ ಕಾಕಾ.

ಅವಳು ಗೋಡೆಗೆ ಅಂಟಿಸಿದ್ದ ದೊಡ್ಡ ಚಾರ್ಟಿನ ಮೇಲೆ ಬೆರಳಾಡಿಸಿದಳು. "ಅಷ್ಟ ಹಳೇ ಗಾಡಿ ಇದರಾಗ ಇಲ್ರಿ. ಹಳೇ ಬ್ಯಾಟರಿ ತಂದೀರೇನು?"

"ಅದು ಬಕೀಟ ಆಗೇತಿ," ಎಂದ ಅಜ್ಜ ಗಂಭೀರವಾಗಿ.

ರಾಜಶ್ರೀ ಅಕ್ಕನಿಗೆ ಏನೂ ತಿಳಿಯಲಿಲ್ಲ. ಕಾಕಾ ನಡುವೆ ಬಾಯಿ ಹಾಕಿ, "ಪ್ಲಸ್ ವಾಯರ್ ಬಲಕ್ಕ ಬರ್ತೈತ್ರಿ. ಅಳತಿ ನಮ್ಮ ಹುಡುಗಿ ತಂದಾಳ," ಎಂದ.

ಕಾವ್ಯ ನೂಲು ತೆಗೆದಳು. ಒಂದೊಂದೇ ಬ್ಯಾಟರಿಯ ಮೇಲೆ ಹಿಡಿದಳು. ಆಟೋದ ಬ್ಯಾಟರಿ ನೂಲಿಗಿಂತ ಗಿಡ್ಡ. ಟ್ರ್ಯಾಕ್ಟರಿನದು ನೂಲನ್ನು ದಾಟಿ ಆಚೆ ಹೋಯಿತು. ಕೊನೆಗೆ ಎರಡು ಬ್ಯಾಟರಿಗಳಿಗೆ ನೂಲು ಸರಿಯಾಗಿ ಕೂತಿತು. ಒಂದು ಬೂದು ಬಣ್ಣದ್ದು, ಕುಳ್ಳಗೆ ಕೂತಿತ್ತು. ಇನ್ನೊಂದು ಕಪ್ಪಗೆ, ಮೇಲೆ ಕೆಂಪು ಹಿಡಿಕೆ ಇದ್ದು, ನಿಂತ ನಿಲುವಿನಲ್ಲೇ ಜಂಬ ತೋರಿಸುತ್ತಿತ್ತು.

"ಎರಡೂ ಹನ್ನೆರಡ ವೋಲ್ಟಿನವ," ಎಂದಳು ರಾಜಶ್ರೀ ಅಕ್ಕ. "ಗಿಡ್ಡಂದೂ ನಿಮ್ಮ ಗಾಡಿಗೆ ಸಾಕಾಗ್ತೈತಿ. ಎತ್ತರಂದರಾಗ ದಮ್ಮು ಸ್ವಲ್ಪ ಜಾಸ್ತಿ. ಯಾವದ ಕೊಡ್ಲಿ?"

ಅಜ್ಜ ಕಾಕಾನ ಮುಖ ನೋಡಿದ. ಕಾಕಾ ಕಾವ್ಯಳ ಮುಖ ನೋಡಿದ. "ಅಳತಿ ಮಾಡಿದಾಕಿ ನೀ. ನೀನ ಹೇಳು."

ಕಾವ್ಯಳಿಗೆ ಕೆಂಪು ಹಿಡಿಕೆ ಬಹಳ ಹಿಡಿಸಿತ್ತು. ದಮ್ಮು ಜಾಸ್ತಿ ಎಂಬ ಮಾತೂ ಹಿಡಿಸಿತ್ತು. ಕುಳ್ಳ ಬ್ಯಾಟರಿ ಒಯ್ದು ನಾಳೆ ಅದು ಆಸ್ಪತ್ರೆಯ ಮುಂದೆ ಕೈಕೊಟ್ಟರೆ ಅತ್ತೆಗೆ ಏನು ಹೇಳುವುದು?

"ಇದು," ಎಂದು ಕಪ್ಪು ಬ್ಯಾಟರಿಯ ಮೇಲೆ ಕೈಯಿಟ್ಟಳು.

ರಾಜಶ್ರೀ ಅಕ್ಕ ಅದನ್ನು ಒರೆಸಿ ಕೊಡುತ್ತ ಎಚ್ಚರಿಸಿದಳು. "ಮ್ಯಾಲಿನ ಈ ಎರಡು ಮೂತಿಗೆ ನಟ್ಟ ಬಿಗಿಯೂ ಪಾನಾ ಗೀನಾ ತಾಗಸಬ್ಯಾಡ್ರಿ. ಕಬ್ಬಿಣ ತಾಕಿದ್ರ ಕಿಡಿ ಹಾರ್ತೈತಿ. ಬೆಂಕಿ ಹತ್ತೂದಕ್ಕ ಅಷ್ಟ ಸಾಕು."

ಮನೆಗೆ ಬಂದು ಬ್ಯಾಟರಿಯನ್ನು ತಟ್ಟೆಯಲ್ಲಿ ಇಳಿಸಿದರು. ಎಷ್ಟು ಸರಿಯಾಗಿ ಕೂತಿತೆಂದರೆ, ಆ ಕಡೆ ಈ ಕಡೆ ಒಂದು ನೂಲಿನಷ್ಟೂ ಅಲುಗಲಿಲ್ಲ.

"ನೋಡು ಗಂಗಾರಾಮ," ಎಂದು ಅಜ್ಜ ಗೋಡೆಯಾಚೆಯ ನೆರೆಮನೆಯವನನ್ನು ಕೂಗಿ ಕರೆದ. "ನನ್ನ ಮೊಮ್ಮಗಳು ಆರಿಸಿದ ಬ್ಯಾಟರಿ. ನೂಲ ಹಿಡದು ಅಳತಿ ಮಾಡ್ಯಾಳ."

ಗಂಗಾರಾಮ ಮಾಮಾ ಗೋಡೆಯ ಮೇಲಿಂದ ಇಣುಕಿ ನೋಡಿ, "ಶ್ಯಾಣ್ಯಾಕಿ ಅದಾಳ ಬಿಡ್ರಿ," ಎಂದ. ಕಾವ್ಯ ಕೇಳಿಸದವಳಂತೆ ನಟಿಸಿ ಚೆನ್ನಾಗಿ ಕೇಳಿಸಿಕೊಂಡಳು.

ಕಾಕಾ ವೈರು ಜೋಡಿಸಿದ. ಆಯಿ ವಿಭೂತಿ, ಕುಂಕುಮ ಹಚ್ಚಿ, ಬ್ಯಾಟರಿಯ ಮೇಲೆ ಒಂದು ದಪ್ಪ ಚೆಂಡುಹೂವು ಇಟ್ಟು ಕೈಮುಗಿದಳು. ಹೊಸ ಪೆಟ್ರೋಲು ಹಾಕಿದ್ದಾಗಿತ್ತು. ಕಾಕಾ ಚಾವಿ ತಿರುಗಿಸಿದ. ಫಿಯಟ್ಟು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಗುರ್ರೆಂದು ಚಾಲೂ ಆಯಿತು. ಶೆಡ್ಡಿನ ಲೂಮುಗಳ ಸದ್ದೂ ಅದರ ಮುಂದೆ ಕೇಳಿಸದಂತಾಯಿತು. ಅಜ್ಜ ಪೇಟ ಸರಿಮಾಡಿಕೊಂಡ. ಆಯಿ ಕಣ್ಣೊರೆಸಿಕೊಂಡಳು. ಬಕೆಟ್ಟಿನ ಪಾಪ ಕಳೆಯಿತು ಎಂದು ಅವಳಿಗೆ ಸಮಾಧಾನವಾಗಿರಬೇಕು.

ಕಾಕಾ ಎಂಜಿನ್ ಬಂದ್ ಮಾಡಿ ಬಂದು, ಆಸರೆಯ ಕೋಲು ತೆಗೆದು, ಬಾನೆಟ್ಟನ್ನು ಮೆಲ್ಲಗೆ ಇಳಿಸತೊಡಗಿದ. ಕಾವ್ಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕಿರಿದಾಗುತ್ತಿದ್ದ ಸಂದಿಯಲ್ಲಿ ತನ್ನ ಬ್ಯಾಟರಿಯನ್ನೇ ನೋಡುತ್ತಿದ್ದಳು.

ಬಾನೆಟ್ ಇನ್ನೂ ಅರ್ಧ ಗೇಣು ಮೇಲಿರುವಾಗಲೇ ಚೆಂಡುಹೂವು ಅದಕ್ಕೆ ತಾಗಿ ಬಾಗಿತು.

"ಕಾಕಾ, ಹೂವು ತಾಕ್ತು," ಎಂದಳು.

"ತಾಕ್ಲಿ. ಹೂವಲ್ಲ? ಚಪ್ಪಟ್ಟಾಗ್ತೈತಿ. ಈ ಬಾನೆಟ್ ಮೊದಲಿನಿಂದ್ಲೂ ಹಟಮಾರಿ. ಜೋರಾಗಿ ಒತ್ತಿದ್ರ ಕುಂದರತೈತಿ."

ಹೂವು ಚಪ್ಪಟೆಯಾಗುತ್ತದೆ, ಸರಿ. ಹೂವಿನ ಕೆಳಗಿರುವುದು? ಕಾವ್ಯ ಇನ್ನಷ್ಟು ಬಗ್ಗಿ ನೋಡಿದಳು. ಉದ್ದ ಅಳೆದಿದ್ದಳು. ಪನ್ನಾ ಅಳೆದಿದ್ದಳು. ಬ್ಯಾಟರಿ ಎಷ್ಟು ಎತ್ತರ, ಬಾನೆಟ್ ಎಷ್ಟು ಕೆಳಗೆ ಬರುತ್ತದೆ ಎಂಬುದನ್ನು ಅವಳೂ ನೋಡಿರಲಿಲ್ಲ, ಅಜ್ಜನೂ ನೋಡಿರಲಿಲ್ಲ.

ಕಾಕಾ ಒತ್ತಲು ಎರಡೂ ಕೈ ಮೇಲಿಟ್ಟ. ಗಂಗಾರಾಮ ಮಾಮಾ ಇನ್ನೂ ಗೋಡೆಯ ಮೇಲೆಯೇ ಇದ್ದ. ಈಗ ಬಾಯಿ ಬಿಟ್ಟರೆ ತನ್ನ ಆಯ್ಕೆಯೇ ತಪ್ಪು ಎಂದು ಎಲ್ಲರ ಮುಂದೆ ಹೇಳಿದಂತೆ. ಒಂದು ವೇಳೆ ಒತ್ತಿದರೆ ಕೂತೇಬಿಡಬಹುದೇನೋ. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಅವಳ ತಲೆಯಲ್ಲಿ ಒಮ್ಮೆಲೇ ಓಡಿತು.

"ಒತ್ತಬ್ಯಾಡ ಕಾಕಾ," ಎಂದಳು. ದನಿ ಅವಳಿಗೇ ಗುರುತು ಸಿಗದಷ್ಟು ಸಣ್ಣಗಿತ್ತು. "ಬ್ಯಾಟರಿ ಎತ್ತರ ಆಗೇತಿ ಅನಸ್ತೈತಿ. ಬಾನೆಟ್ ಕಬ್ಬಿಣದ್ದು. ಅಕ್ಕಾರು ಹೇಳಿದ್ರಲ್ಲ, ಮೂತಿಗೆ ಕಬ್ಬಿಣ ತಾಕಿದ್ರ ಕಿಡಿ ಹಾರ್ತೈತಿ ಅಂತ."

ಕಾಕಾ ಕೈ ತೆಗೆದ. ಬಾನೆಟ್ ಎತ್ತಿ ಮತ್ತೆ ಕೋಲು ಕೊಟ್ಟ. "ಖರೆ ತಾಕ್ತೈತೋ ಇಲ್ಲೋ ಹೆಂಗ ನೋಡೂದು? ಮುಚ್ಚಿದ ಮ್ಯಾಲ ಒಳಗ ಕಾಣಂಗಿಲ್ಲ. ತೆಗದ್ರ ತಾಕಂಗಿಲ್ಲ."

ಒಳಗೆ ಕಾವ್ಯಳ ಅವ್ವ ನಾಳೆಯ ಹೋಳಿಗೆಗೆಂದು ಕಣಕ ನಾದುತ್ತಿದ್ದಳು. ಕಾವ್ಯ ಎದ್ದು ಒಳಗೋಡಿದಳು.

"ಅವ್ವಾ, ಎರಡು ಉಂಡಿ ಹಿಟ್ಟು ಕೊಡು. ಕಾರಿಗೆ ಬೇಕು."

"ಕಾರಿಗೆ?" ಎಂದಳು ಅವ್ವ. ಆದರೂ ಕೊಟ್ಟಳು. ಈ ದಿನ ಆ ಕಾರಿಗೆ ಯಾರು ಏನು ಕೇಳಿದರೂ ಕೊಡುವುದೇ ಆಗಿತ್ತು.

ಕಾಕಾ ಮೊದಲು ಎರಡೂ ವೈರು ಬಿಚ್ಚಿ ದೂರ ಸರಿಸಿದ. ಕಾವ್ಯ ಬ್ಯಾಟರಿಯ ಒಂದೊಂದು ಮೂತಿಯ ಮೇಲೆ ಒಂದೊಂದು ಉಂಡೆ ಇಟ್ಟಳು. ಕಾಕಾ ಬಾನೆಟ್ ಇಳಿಸಿ ಮೆಲ್ಲಗೆ ಅದುಮಿ, ಮತ್ತೆ ಎತ್ತಿದ.

ಉಂಡೆಗಳು ಚಪಾತಿಯ ಹಾಗೆ ತೆಳ್ಳಗಾಗಿದ್ದವು. ಒಂದರ ನಡುವೆ ತೂತು ಬಿದ್ದು, ಅದರೊಳಗಿಂದ ಬ್ಯಾಟರಿಯ ಮೂತಿ ಮಿಣ್ಣಗೆ ಹೊಳೆಯುತ್ತಿತ್ತು. ಬಾನೆಟ್ಟಿನ ಒಳಮೈಗೆ ಅದೇ ಜಾಗದಲ್ಲಿ ಹಿಟ್ಟು ಮೆತ್ತಿಕೊಂಡಿತ್ತು.

ಗೋಡೆಯ ಮೇಲಿದ್ದ ಗಂಗಾರಾಮ ಮಾಮಾ ಸಹ ಕತ್ತು ಚಾಚಿ ಆ ಹಿಟ್ಟನ್ನೇ ನೋಡಿದ.

"ನಾನ ಆರಿಸಿದ್ದು," ಎಂದಳು ಕಾವ್ಯ. ಅವಳ ಕಣ್ಣು ತುಂಬಿ ಬಂದಿತ್ತು. "ತಪ್ಪು ನಂದು."

ಅಜ್ಜ ಹಿಟ್ಟಿನ ತೂತನ್ನು ಬಗ್ಗಿ ಬಗ್ಗಿ ನೋಡಿದ. "ಅಳತಿ ನೋಡಿ ಬರೋಬ್ಬರಿ ಅಂದಾಂವ ಯಾರು? ನಾ," ಎಂದ. "ಹುಟ್ಟಿದಾಗಿಂದ ಅರಿವಿ ಅಳಕೋಂತ ಬಂದೇನಿ. ಅರಿವಿಗೆ ಉದ್ದ ಐತಿ, ಪನ್ನಾ ಐತಿ. ಎತ್ತರ ಎಲ್ಲೈತಿ? ನನ್ನ ತಲ್ಯಾಗ ಅದು ಬರಲೇ ಇಲ್ಲ ನೋಡು."

"ಒತ್ತೂಣು ಅಂದಾಂವ ನಾ," ಎಂದ ಕಾಕಾ ಮೆಲ್ಲಗೆ.

ಬ್ಯಾಟರಿ ಬದಲಿಸಬೇಕು ಎಂದು ಗೊತ್ತಾಯಿತು. ಅಷ್ಟರಲ್ಲಿ ಆಯಿ ಅಡ್ಡ ಬಂದಳು. "ಪೂಜಿ ಮಾಡಿದ ವಸ್ತು ಮನಿಂದ ವಾಪಸ್ ಕಳಸಬಾರ್ದು. ಒಳ್ಳೇದಲ್ಲ."

"ಹಳೇ ಬ್ಯಾಟರಿಗೆ ದಸರಾದಾಗ ಖಂಡೇಪೂಜಿ ದಿನ ಕುಂಕುಮ ಹಚ್ಚಿದಾಕಿ ಯಾರು?" ಎಂದು ಅಜ್ಜ ಕೇಳಿದ.

ಆಯಿ ನೀಲಿ ಬಕೆಟ್ಟಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಲಗೂನ ಹೋಗ್ರಿ, ಅಂಗಡಿ ಮುಚ್ಚೀತು," ಎಂದಳು.

ಹೊರಡುವ ಮುಂಚೆ ಕಾವ್ಯ ಇನ್ನೊಂದು ಕೆಲಸ ಮಾಡಿದಳು. ಬ್ಯಾಟರಿ ತೆಗೆಸಿ, ಖಾಲಿ ತಟ್ಟೆಯಲ್ಲಿ ಇಟ್ಟಿಗೆ ಪೇರಿಸಿ, ಅದರ ಮೇಲೆ ಎತ್ತರಕ್ಕೆ ಹಿಟ್ಟು ನಿಲ್ಲಿಸಿ, ಬಾನೆಟ್ ಪೂರ್ತಿ ಮುಚ್ಚಿಸಿ ತೆಗೆಸಿದಳು. ತಟ್ಟೆಯಿಂದ ಹಿಟ್ಟಿನ ತುದಿಯವರೆಗೆ ಬಿಳಿ ನೂಲು ಹಿಡಿದು ಗಂಟು ಹಾಕಿದಳು. ಆ ಗಂಟಿನಿಂದ ಎರಡು ಬೆರಳು ಬಿಟ್ಟು ಕೆಳಗೆ ಇನ್ನೊಂದು ಗಂಟು ಹಾಕಿದಳು.

"ಅದ್ಯಾಕ?" ಎಂದು ಅಜ್ಜ ಕೇಳಿದ.

"ತಾಕಬಾರ್ದಲ್ಲ ಅಜ್ಜಾ. ಜಾಗಾ ಬಿಡಬೇಕು."

ಅಜ್ಜ ಈ ಸಲ ನೂಲನ್ನು ಮತ್ತೊಮ್ಮೆ ಹಿಡಿದು ನೋಡಲಿಲ್ಲ.

ಅಂಗಡಿಯ ಬಾಗಿಲು ಅರ್ಧ ಎಳೆದಾಗಿತ್ತು. ಕಾಕಾನ ಕೈಯಲ್ಲಿದ್ದ ಬ್ಯಾಟರಿ ನೋಡಿ ರಾಜಶ್ರೀ ಅಕ್ಕ ಹುಬ್ಬೇರಿಸಿದಳು. "ಇದೇನ್ರಿ, ಮದುಮಗಳಂಗ ಸಿಂಗಾರ ಮಾಡಿ ವಾಪಸ್ ತಂದೀರಿ?"

ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರೆ? ಆದರೂ ನಡೆದದ್ದನ್ನೆಲ್ಲ ಕಾವ್ಯಳೇ ಹೇಳಿದಳು, ಹೂವಿನಿಂದ ಹಿಡಿದು ಹೋಳಿಗೆಯ ಹಿಟ್ಟಿನವರೆಗೆ.

ರಾಜಶ್ರೀ ಅಕ್ಕ ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕೂತಳು. "ಸದ್ಯ ಒತ್ತಲಿಲ್ಲ," ಎಂದಳು. "ಎತ್ತರ ಎಷ್ಟ ಅಂತ ನಾನೂ ಕೇಳಬೇಕಾಗಿತ್ತು. ಎರಡು ನೂಲು ನೋಡಿ ನಾನೂ ಅಷ್ಟಕ್ಕ ಬಿಟ್ಟೆ. ಇರ್ಲಿ, ಇಲ್ಲೇ ಇಡ್ರಿ. ಕುಂಕುಮ ಒರಸಬ್ಯಾಡ್ರಿ. ಅಂಗಡಿಗೆ ಒಳ್ಳೇದಾಗ್ಲಿ."

ಕುಳ್ಳ ಬ್ಯಾಟರಿಗೆ ಕಾವ್ಯ ಮೂರು ನೂಲು ಹಿಡಿದಳು. ಬಿಳಿ ನೂಲಿನ ಕೆಳಗಿನ ಗಂಟಿಗಿಂತಲೂ ಅದು ಕೆಳಗೇ ಉಳಿಯಿತು. ರಾಜಶ್ರೀ ಅಕ್ಕ ಮೂತಿಗಳಿಗೆ ಹಾಕಲು ಎರಡು ರಬ್ಬರ್ ಟೊಪ್ಪಿಗೆಯನ್ನೂ ಕೊಟ್ಟಳು.

ಮನೆಯಲ್ಲಿ ಮತ್ತೆ ಹಿಟ್ಟಿನ ಉಂಡೆ ಇಟ್ಟು ಬಾನೆಟ್ ಮುಚ್ಚಿದರು. ಒತ್ತುವ ಕೆಲಸವೇ ಬೀಳಲಿಲ್ಲ, ಟಪ್ ಎಂದು ತಾನೇ ಕೂತಿತು. ತೆಗೆದು ನೋಡಿದರೆ ಉಂಡೆಗಳು ಇಟ್ಟ ಹಾಗೇ ದುಂಡಗಿದ್ದವು. ಕಾವ್ಯಳಿಗೆ ಎಷ್ಟು ಹಗುರವೆನಿಸಿತೆಂದರೆ, ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಆಯಿ ಮತ್ತೆ ಪೂಜೆ ಮಾಡಿದಳು. ಈ ಸಲ ಹೂವನ್ನು ಕಾರಿನ ಮುಂದೆ ನೆಲದ ಮೇಲಿಟ್ಟಳು.

ಮರುದಿನ ಬೆಳಿಗ್ಗೆ ಫಿಯಟ್ಟು ಜಮಖಂಡಿ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಾಗ, ವಂದನಾ ಅತ್ತೆ ಮೆಟ್ಟಿಲ ಮೇಲಿಂದಲೇ ನಕ್ಕಳು.

"ಮಾತ ಉಳಿಸಿಕೊಂಡಿ ನೋಡು," ಎಂದು ಕಾವ್ಯಳ ಗಲ್ಲ ಹಿಂಡಿದಳು.

ಕಾಕಾ ಕಾರು ನಡೆಸುತ್ತಿದ್ದ. ಪಕ್ಕದಲ್ಲಿ ಅಜ್ಜ. ಹಿಂದೆ ಆಯಿ, ಅತ್ತೆ, ಕಿಟಕಿಯ ಬದಿಗೆ ಕಾವ್ಯ. ಕಾವ್ಯ ಬೇಡಿ ಬೇಡಿ ಕೂಸನ್ನು ತೊಡೆಯ ಮೇಲೆ ಹಾಕಿಸಿಕೊಂಡಿದ್ದಳು. ಅದು ಬೆಚ್ಚಗಿತ್ತು. ಮುಷ್ಟಿ ಕಟ್ಟಿಕೊಂಡು, ಯಾರ ಗೊಡವೆಯೂ ಇಲ್ಲದೆ ಮಲಗಿತ್ತು. ಇಷ್ಟು ಸಣ್ಣ ಉಗುರುಗಳನ್ನು ಕಾವ್ಯ ಎಲ್ಲೂ ನೋಡಿರಲಿಲ್ಲ.

ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು ಹೋಗುತ್ತಿತ್ತು. ಅದನ್ನು ದಾಟುವ ಗಡಿಬಿಡಿಯಲ್ಲಿ ಕಾಕಾ ರಸ್ತೆಯ ಹಂಪು ನೋಡಲಿಲ್ಲ. ಕಾರು ಧಡ್ ಎಂದು ಹಾರಿ ಬಿತ್ತು. ಬಾನೆಟ್ ಗಡಗಡ ಅಲುಗಿತು.

ಕಾವ್ಯಳ ಎರಡೂ ಕೈ ತಾವಾಗಿಯೇ ಕೂಸನ್ನು ಅಪ್ಪಿ ಹಿಡಿದವು. ಅವಳ ಕಣ್ಣು ಬಾನೆಟ್ಟಿನ ಮೇಲೆ ನೆಟ್ಟಿತ್ತು.

ಏನೂ ಆಗಲಿಲ್ಲ. ಎಂಜಿನ್ ಅದೇ ಗುರ್ರ್ ಎನ್ನುತ್ತಿತ್ತು. ಕೂಸು ಮೂಗು ಮುರಿದು, ಬಾಯಿ ಚಪ್ಪರಿಸಿ, ಮತ್ತೆ ಮಲಗಿತು.

ನಿನ್ನೆ ಬಾನೆಟ್ ಮುಂದೆ ಕೂತಾಗ ಕಾವ್ಯಳ ತಲೆಯಲ್ಲಿ ಇದ್ದದ್ದು ಅಜ್ಜ ಏನೆಂದಾನು, ಗಂಗಾರಾಮ ಮಾಮಾ ಏನೆಂದಾನು ಎಂಬುದು. ಆಗ ಕಾರು ಖಾಲಿಯಿತ್ತು. ಅದೇ ಎತ್ತರದ ಬ್ಯಾಟರಿ ಇದ್ದಿದ್ದರೆ ಈ ಹಂಪಿಗೆ ಬಾನೆಟ್ ಅದರ ಮೂತಿಗೆ ಬಡಿಯುತ್ತಿತ್ತು. ಈಗ ಅವಳು ಕೂಸಿನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು.

ಮುಂದಿನ ಸೀಟಿನಿಂದ ಅಜ್ಜ ಹಿಂದಕ್ಕೆ ತಿರುಗಿದ. ಅವನೂ ಕೂಸನ್ನೇ ನೋಡಿದ. ಆಮೇಲೆ ಕಾವ್ಯಳನ್ನು ನೋಡಿದ. ಕೈ ಚಾಚಿ ಕಾವ್ಯಳ ಮೊಣಕಾಲು ಮುಟ್ಟಿ, ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡ.

"ಸಾವಕಾಶ ಹೊಡಿ, ರಾಜು," ಎಂದ ಕಾಕಾನಿಗೆ.

"ಯಾಕ, ಅಜ್ಜ ಮೊಮ್ಮಗಳು ಇಬ್ರೂ ಒಮ್ಮೆಲೆ ಸುಮ್ಮಕಾದ್ರಿ?" ಎಂದು ಅತ್ತೆ ಕೇಳಿದಳು.

"ಏನಿಲ್ಲ ಅತ್ತಿ," ಎಂದಳು ಕಾವ್ಯ. ಕೂಸಿನ ಕಾಲ ಮೇಲಿಂದ ಜಾರಿದ್ದ ಬಟ್ಟೆಯನ್ನು ಎಳೆದು ಹೊದಿಸಿದಳು.